ಲೆಕ್ಕಕ್ಕುಂಟು, ಓಟಿಗಿಲ್ಲ

ಪ್ರಶ್ನೆ: 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ಟ್ರಂಪ್‌ಗಿಂತ 28 ಲಕ್ಷ ಓಟು ಜಾಸ್ತಿ ಬಿದ್ದರೂ ಸೋತರು. ಜನರ ಒಟ್ಟು ಓಟಿನಿಂದಲ್ಲದೆ, ಪ್ರತಿ ರಾಜ್ಯಕ್ಕೂ ಹಂಚಿಟ್ಟ ಮತಗಳಿಂದ ಅಧ್ಯಕ್ಷರನ್ನು ಆರಿಸುವ ಅಮೆರಿಕದ ಈ ಎಲೆಕ್ಟೋರಲ್ ಕಾಲೇಜಿಗೂ ಗುಲಾಮಗಿರಿಗೂ ನಂಟಿದೆ ಅಂತಾರೆ, ನಿಜವಾ ಸರ್?

ಉತ್ತರ: ನಂಟಿದೆ. ಆದರೆ ಅದೊಂದೇ ಕಾರಣ ಅಂದರೆ ತಪ್ಪಾಗುತ್ತೆ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯೋಕೆ ಕೂತಾಗ, ಜನರೇ ನೇರವಾಗಿ ಅಧ್ಯಕ್ಷರನ್ನು ಆರಿಸಿದರೆ ದಕ್ಷಿಣದ ರಾಜ್ಯಗಳ ಮಾತು ನಡೆಯಲ್ಲ, ಅಲ್ಲಿನ ಗುಲಾಮರಿಗೆ ಓಟಿಲ್ಲವಲ್ಲ ಅಂತ ಸಂವಿಧಾನ ರೂಪಿಸಿದವರಲ್ಲೊಬ್ಬರಾದ ಜೇಮ್ಸ್ ಮ್ಯಾಡಿಸನ್ ಬಾಯಿಬಿಟ್ಟೇ ಹೇಳಿದ್ದರು. ಕೊನೆಗೆ ಐದು ಗುಲಾಮರನ್ನು ಮೂರು ಜನ ಅಂತ ಲೆಕ್ಕ ಹಿಡಿದು ರಾಜ್ಯಗಳಿಗೆ ಸಂಸತ್ತಿನ ಕೆಳಮನೆಯ ಸೀಟು ಹಂಚಿದರು. ಅಧ್ಯಕ್ಷರನ್ನು ಆರಿಸುವ ಮತಗಳೂ ಅದರ ಮೇಲೆಯೇ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತೀವಲ್ಲ, ಇಲ್ಲಿ ಉಲ್ಟಾ.

1790ರ ಜನಗಣತಿ ನೋಡಿ. ಗುಲಾಮರಲ್ಲದವರು ದಕ್ಷಿಣದ ವರ್ಜೀನಿಯಾದಲ್ಲೂ, ಗುಲಾಮರು ತೀರಾ ಕಡಿಮೆಯಿದ್ದ ಉತ್ತರದ ಪೆನ್ಸಿಲ್ವೇನಿಯಾದಲ್ಲೂ ನಾಲ್ಕೂವರೆ ಲಕ್ಷದ ಆಸುಪಾಸು. ಆದರೆ 1800ರ ಚುನಾವಣೆಯಲ್ಲಿ ವರ್ಜೀನಿಯಾಕ್ಕೆ 21 ಮತ, ಪೆನ್ಸಿಲ್ವೇನಿಯಾಕ್ಕೆ 15! ಮೊದಲ 36 ವರ್ಷಗಳಲ್ಲಿ 32 ವರ್ಷ ವರ್ಜೀನಿಯಾದವರೇ ಅಧ್ಯಕ್ಷರು, ನಾಲ್ವರೂ ಗುಲಾಮರನ್ನು ಇಟ್ಟುಕೊಂಡಿದ್ದವರು. ಸುಮ್ನೆ ಕಾಕತಾಳೀಯ ಅಂತ ನನಗಂತೂ ಅನ್ನಿಸಲ್ಲ.

ದೊಡ್ಡ ರಾಜ್ಯಗಳದ್ದೇ ಮೇಲುಗೈ ಆಗುತ್ತೆ ಅನ್ನೋ ಚಿಕ್ಕ ರಾಜ್ಯಗಳ ಹೆದರಿಕೆ, ದೂರದೂರಿನ ಅಭ್ಯರ್ಥಿ ಯಾರೆಂದೇ ಜನಕ್ಕೆ ಗೊತ್ತಿಲ್ಲದ ಕಾಲ, ಇವೂ ಕಾರಣ ಅಂತ ಇನ್ನೊಂದು ಕಡೆಯ ಇತಿಹಾಸಕಾರರು ಹೇಳ್ತಾರೆ, ಅದೂ ಸುಳ್ಳಲ್ಲ. ಐದಕ್ಕೆ ಮೂರರ ಲೆಕ್ಕವನ್ನು 1868ರ 14ನೇ ತಿದ್ದುಪಡಿ ಕಿತ್ತುಹಾಕಿತು, ಎಲೆಕ್ಟೋರಲ್ ಕಾಲೇಜು ಮಾತ್ರ ಉಳಿದುಕೊಂಡಿತು.