ಮನೆಯಲ್ಲಿ 81.4, ಜಿಮ್ಮಿನಲ್ಲಿ 83, ಕ್ಲಿನಿಕ್ಕಿನಲ್ಲಿ 82.6: ಯಾವುದನ್ನು ನಂಬಲಿ?

ಮೂರು ತಿಂಗಳಿಂದ ತೂಕ ಇಳಿಸುತ್ತಿದ್ದೀರಿ, ಮೂರು ಮಿಷನ್ ಮೂರು ಲೆಕ್ಕ ಹೇಳುತ್ತಿವೆ, ನಿಜವಾಗಿ ಇಳಿದಿದೆಯಾ ಅಂತಲೇ ಅನುಮಾನ ಬಂದಿದೆ, ಹೌದಲ್ವಾ? ಹೋದ ವರ್ಷ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಸಿಕ್ಕಿದವರ ತಲೆ ತಿಂದಿದ್ದೆ. ನಾನು ಮಂಗಳೂರು ಬಂದರಿನ ಒಂದು ಅಕ್ಕಿ ಮಂಡಿಯಲ್ಲಿ ಲೆಕ್ಕ ಬರೆಯುವವ. ದಿನವಿಡೀ ಗೋಣಿ ತೂಗುವುದನ್ನು ನೋಡುವವನಿಗೆ ತನ್ನದೇ ತೂಕ ಗೊತ್ತಾಗದೇ ಹೋದದ್ದು ಸ್ವಲ್ಪ ನಾಚಿಕೆಯ ವಿಷಯವೇ.

ಮೂರೂ ಒಂದೇ ಸಂಖ್ಯೆ ತೋರಿಸಲಿ ಅಂತ ಕಾಯಬೇಡಿ ಮಾರಾಯ್ರೆ, ಅದು ಆಗುವ ಕೆಲಸ ಅಲ್ಲ. ಒಂದನ್ನು ಗಟ್ಟಿ ಮಾಡಿಕೊಳ್ಳಿ. ಉಳಿದೆರಡು ಅದಕ್ಕಿಂತ ಎಷ್ಟು ಹೆಚ್ಚು ಕಡಿಮೆ ಅಂತ ಒಮ್ಮೆ ನೋಡಿ ಬರೆದಿಡಿ.

ಗಟ್ಟಿ ಮಾಡುವುದು ಹೇಗೆ? ನಮ್ಮ ಮಂಡಿಯಲ್ಲಿ 20 ಕೆಜಿಯ ತೂಕದ ಕಲ್ಲು ಉಂಟು (ಕಬ್ಬಿಣದ್ದೇ, ಆದರೂ ನಾವು ಹೇಳುವುದು ಕಲ್ಲು ಅಂತ). ವ್ಯಾಪಾರದ ತಕ್ಕಡಿಗೂ ಕಲ್ಲಿಗೂ ಕಾನೂನು ಮಾಪನ ಶಾಸ್ತ್ರ ಇಲಾಖೆಯಿಂದ ಅವಧಿಗೆ ಸರಿಯಾಗಿ ಮುದ್ರೆ ಹಾಕಿಸಲೇಬೇಕು. ಮನೆಯ ಮಿಷನ್ ಸರಿ ಉಂಟಾ ಅಂತ ನೋಡಲಿಕ್ಕೆ ಯಾರೂ ಬರುವುದಿಲ್ಲ. ಹಾಗಾಗಿ ಒಂದು ಶನಿವಾರ ಧಣಿಗಳ ಹತ್ತಿರ ಕೇಳಿ ಆ ಕಲ್ಲನ್ನು ಸ್ಕೂಟರಿನ ಕಾಲಡಿ ಇಟ್ಟುಕೊಂಡು ಮನೆಗೆ ತಂದೆ. ಬರಿಗೈಯಲ್ಲಿ ನಿಂತಾಗ 84.2 ಬಂತು. ಕಲ್ಲನ್ನು ಎದೆಗೆ ಅವುಚಿಕೊಂಡು ನಿಂತರೆ 104.6. ಅಂದರೆ 20 ಕೆಜಿಯ ಕಲ್ಲು ನಮ್ಮ ಮಿಷನ್ನಿಗೆ 20.4 ಕೆಜಿ. ನೂರಕ್ಕೆ ಎರಡು ಹೆಚ್ಚು. ಅದೇ ಲೆಕ್ಕ ಹಿಡಿದರೆ ನನ್ನ ತೂಕ 82.5ರ ಹತ್ತಿರ ಇರಬೇಕು.

ಮಿಷನ್ ಬಿಸಾಡಬೇಕು ಅನ್ನಿಸಿತು. ಆಮೇಲೆ ಕೂತು ಲೆಕ್ಕ ಹಾಕಿದೆ. ಆ ಮಿಷನ್ನಿನಲ್ಲಿ ನಾನು ಸುರು ಮಾಡಿದ್ದು 88ರಿಂದ, ಮುಟ್ಟಬೇಕಾದದ್ದು 77. ಅದರ ಪ್ರಕಾರ 11 ಕೆಜಿ ಇಳಿಯಬೇಕು. ನೂರಕ್ಕೆ ಎರಡು ತೆಗೆದರೆ ನಿಜಕ್ಕೂ ಇಳಿಯುವುದು 10.8. ಇಷ್ಟು ಸುಳ್ಳು ಹೇಳುವ ಮಿಷನ್ ಕೂಡ ಇಳಿದದ್ದು ಎಷ್ಟು ಅಂತ ಹೇಳುವಾಗ ತಪ್ಪುವುದು ಬರೇ 200 ಗ್ರಾಂ, ಒಂದು ಲೋಟ ನೀರಿನಷ್ಟು. ಅದನ್ನೇ ಇಟ್ಟುಕೊಂಡೆ, 77 ಮುಟ್ಟಿದ್ದೂ ಅದರಲ್ಲೇ.

ಕ್ಲಿನಿಕ್ಕಿನದ್ದು ಬೇರೆ ಜಾತಿಯ ತಪ್ಪು. ನಾನು ಹೋಗುವಲ್ಲಿ ಇದ್ದದ್ದು ಮುಳ್ಳಿನ ಮಿಷನ್. ಒಂದು ದಿನ ಹತ್ತುವ ಮೊದಲೇ ಬಗ್ಗಿ ನೋಡಿದೆ: ಯಾರೂ ನಿಲ್ಲದೆ ಮುಳ್ಳು ಒಂದೂವರೆಯಲ್ಲಿ ನಿಂತಿತ್ತು! ಇಂಥದ್ದು ಮಗುವಿಗೂ ಒಂದೂವರೆ ಸೇರಿಸುತ್ತದೆ, ಪೈಲ್ವಾನನಿಗೂ ಒಂದೂವರೆ ಸೇರಿಸುತ್ತದೆ. ಹೆಚ್ಚಿನವಕ್ಕೆ ಮುಳ್ಳು ಸೊನ್ನೆಗೆ ತರುವ ಸಣ್ಣ ಚಕ್ರ ಇರುತ್ತದೆ, ಸಿಸ್ಟರ್ ಹತ್ತಿರ ಹೇಳಿದರೆ ತಿರುಗಿಸಿ ಕೊಡುತ್ತಾರೆ. ತಿರುಗಿಸದಿದ್ದರೂ ನಷ್ಟವಿಲ್ಲ, ಪ್ರತಿ ಸಲ ಅದರಲ್ಲೇ ನಿಂತರೆ ವ್ಯತ್ಯಾಸ ಸರಿಯಾಗಿಯೇ ಸಿಗುತ್ತದೆ. ಕಷ್ಟ ಆಗುವುದು ಬೆರೆಸಿದಾಗ. ಜಿಮ್ಮಿನ 83 ಬರೆದುಕೊಂಡು ಸಂಜೆ ಮನೆಯ 81.4 ನೋಡಿದರೆ ಒಂದೇ ದಿನದಲ್ಲಿ ಒಂದೂವರೆ ಕೆಜಿಗಿಂತ ಹೆಚ್ಚು ಇಳಿದ ಹಾಗೆ ಕಾಣುತ್ತದೆ!

ಮನೆಯ ಡಿಜಿಟಲ್ ಮಿಷನ್ನಿನ ಎರಡು ಚಾಳಿ ನನಗೆ ತಡವಾಗಿ ಗೊತ್ತಾಯಿತು. ಅದರ ನಾಲ್ಕು ಕಾಲಿನಲ್ಲೂ ಒಂದೊಂದು ಸೆನ್ಸರ್ ಇರುತ್ತದೆ, ನಾಲ್ಕೂ ನೆಲಕ್ಕೆ ಸಮ ಕೂರಬೇಕು. ನಮ್ಮದು ಹಳೇ ಮನೆ, ಹಾಸಿದ ಟೈಲು ಅಲ್ಲಲ್ಲಿ ತಗ್ಗು. ಮಿಷನ್ನನ್ನು ಸ್ವಲ್ಪ ತಿರುಗಿಸಿ ಇಟ್ಟರೆ 600 ಗ್ರಾಂ ಆಚೀಚೆ! ಮ್ಯಾಟಿನ ಮೇಲಂತೂ ಇಡಲೇಬೇಡಿ. ಕೊನೆಗೆ ಅಡಿಗೆಕೋಣೆಯ ಗ್ರಾನೈಟ್ ನೆಲದ ಮೇಲೆ ಜಾಗ ಗೊತ್ತು ಮಾಡಿ ನಾಲ್ಕು ಮೂಲೆಗೆ ಪೈಂಟಿನ ಚುಕ್ಕಿ ಇಟ್ಟೆ. ಹೆಂಡತಿಗೆ ಆ ಚುಕ್ಕಿಯ ಮೇಲೆ ಇವತ್ತಿಗೂ ಸಿಟ್ಟು. ಜಾಗ ಬದಲಿಸಿದಾಗ ಒಮ್ಮೆ ಮೆಟ್ಟಿ ಇಳಿದು, ಸೊನ್ನೆ ಬಂದ ಮೇಲೆ ಮತ್ತೆ ಹತ್ತಬೇಕು.

ಎರಡನೆಯದು ಇನ್ನೂ ಮೋಸದ್ದು. ಇಳಿದು ಹತ್ತಿ, ಇಳಿದು ಹತ್ತಿ ನೋಡಿದರೂ ಅದೇ ಸಂಖ್ಯೆ ಬಂದರೆ ಎಷ್ಟು ಒಳ್ಳೆ ಮಿಷನ್ ಅಂತ ಖುಷಿಪಡಬೇಡಿ. ಕೆಲವು ಮಿಷನ್‌ಗಳು ಹಿಂದಿನ ತೂಕವನ್ನು ನೆನಪಿಟ್ಟುಕೊಂಡು, ಹೊಸದು ಅದರ ಹತ್ತಿರವೇ ಇದ್ದರೆ ಹಳೆಯದನ್ನೇ ತೋರಿಸುತ್ತವೆ. ತೂಗಿಕೊಂಡು, ಒಂದು ಲೋಟ ನೀರು ಕುಡಿದು, ತಕ್ಷಣ ಮತ್ತೆ ಹತ್ತಿ. 0.2 ಏರಬೇಕು. ನಮ್ಮದು ಏರಲಿಲ್ಲ. ಹಾಗಾದರೆ ನಡುವೆ ಹತ್ತು ಕೆಜಿ ಕುಚ್ಚಲಕ್ಕಿ ಚೀಲ ಹಿಡಿದುಕೊಂಡು ಒಮ್ಮೆ ನಿಂತು ಇಳಿಯಿರಿ, ಹಳೆಯದನ್ನು ಮರೆಯುತ್ತದೆ. ಪರೀಕ್ಷೆಗೆ ಕಲ್ಲು ಸಿಗದಿದ್ದರೆ ಅಳೆದು ತುಂಬಿಸಿದ ನೀರೂ ಆಗುತ್ತದೆ, ಲೀಟರಿಗೆ ಒಂದು ಕೆಜಿ, ಕೊಡಪಾನದ ತೂಕ ಬೇರೆ.

ಮಡಿಕೇರಿಯಲ್ಲಿ ತೂಕ ಕಡಿಮೆ ಬರುತ್ತದೆ ಅಂತ ನನ್ನ ಭಾವ ವಾದಿಸುತ್ತಾರೆ. ಸುಳ್ಳಲ್ಲ, ಎತ್ತರಕ್ಕೆ ಹೋದ ಹಾಗೆ ಗುರುತ್ವ ಕಡಿಮೆ. ಆದರೆ ನಮ್ಮಂಥವರಿಗೆ ಅದು 20-30 ಗ್ರಾಂ, 100 ಗ್ರಾಂ ಲೆಕ್ಕದಲ್ಲಿ ತೋರಿಸುವ ಮಿಷನ್ನಿಗೆ ಕಾಣುವುದೇ ಇಲ್ಲ.

ಮಿಷನ್ ಬಿಟ್ಟು ದೇಹದ ವಿಷಯಕ್ಕೆ ಬಂದರೆ, ಬೆಳಿಗ್ಗೆ ಕಕ್ಕಸಿಗೆ ಹೋಗಿ ಬಂದು, ಚಾ ಕುಡಿಯುವ ಮೊದಲು, ಬರೇ ಬೈರಾಸಿನಲ್ಲಿ ನಿಲ್ಲುವುದು ನನ್ನ ಕ್ರಮ. ಮಳೆಗಾಲದಲ್ಲಿ ಒದ್ದೆ ಜೀನ್ಸ್ ಹಾಕಿಕೊಂಡು ಜಿಮ್ಮಿನ ಮಿಷನ್ ಹತ್ತಿದರೆ 83 ಬರದೆ ಇನ್ನೆಂತ ಬರುತ್ತದೆ? ರಾತ್ರಿ ಗಂಜಿಯ ಜೊತೆ ಒಣಮೀನಿನ ಚಟ್ನಿ ಉಂಡರೆ ನನಗೆ ಮರುದಿನ 1.3 ಕೆಜಿ ಏರಿದ್ದೂ ಉಂಟು. ಅದು ಉಪ್ಪು ಹಿಡಿದಿಟ್ಟ ನೀರು. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲರಿ. 1.3 ಕೆಜಿ ಕೊಬ್ಬು ಒಂದು ರಾತ್ರಿಯಲ್ಲಿ ಬರಬೇಕಾದರೆ ಖರ್ಚಾದದ್ದರ ಮೇಲೆ ಹತ್ತು ಸಾವಿರ ಕ್ಯಾಲರಿ ತಿನ್ನಬೇಕು. ಗಂಜಿಯಲ್ಲಿ ಅದು ಸಾಧ್ಯವಿಲ್ಲ. ಅನ್ನ ಬಿಟ್ಟ ಮೊದಲ ವಾರ ಎರಡು ಕೆಜಿ ಇಳಿಯುವುದೂ ಹೆಚ್ಚಾಗಿ ನೀರೇ. ಹಾಗಾಗಿ ದಿನಾ ಬರೆದಿಟ್ಟು, ಏಳು ದಿನದ್ದು ಕೂಡಿಸಿ ಏಳರಿಂದ ಭಾಗಿಸಿ, ಹಿಂದಿನ ವಾರದ ಸರಾಸರಿಯ ಜೊತೆ ಹೋಲಿಸಿ.

ಕ್ಲಿನಿಕ್ಕಿಗೆ ಹೋಗುವ ದಿನ ಬೆಳಿಗ್ಗೆ ಮನೆಯಲ್ಲೂ ತೂಗಿಕೊಳ್ಳಿ. ಎರಡನ್ನೂ ಪುಸ್ತಕದಲ್ಲಿ ಅಕ್ಕಪಕ್ಕ ಬರೆಯಿರಿ. ಮೂರು ನಾಲ್ಕು ಸಲ ಬರೆದಾಗ ಎರಡರ ಅಂತರ ಗೊತ್ತಾಗುತ್ತದೆ. ಆ ಅಂತರ ಒಮ್ಮೆಲೇ ಬದಲಾದರೆ ಮೊದಲು ನಿಮ್ಮ ಮಿಷನ್ನಿನ ಸೆಲ್ ಬದಲಿಸಿ ನೋಡಿ.