ಬಣ್ಣಕ್ಕೆ ದನಿ ಎಲ್ಲಿಂದ?

ಪ್ರಿಯ ಓದುಗರೇ,

ಕಳೆದ ಸಂಚಿಕೆಯ ಕಲಾ ಲೇಖನದಲ್ಲಿದ್ದ ‘ಈ ಚಿತ್ರ ಕೇಳಿಸುತ್ತದೆ’ ಎಂಬ ಮಾತು ನಿಮಗೆ ಹಿಡಿಸಿಲ್ಲ. ಬಣ್ಣಕ್ಕೆ ದನಿಯಿಲ್ಲ, ಅಚ್ಚಾದ ಅಕ್ಷರಕ್ಕೂ ಇಲ್ಲ, ಇದೆಲ್ಲ ವಿಮರ್ಶಕರ ಬಣ್ಣದ ಮಾತು ಅಲ್ವಾ ಎಂದು ಕೇಳಿದ್ದೀರಿ. ಬಣ್ಣಗಳಿಗೆ ವಾದ್ಯಗಳ ದನಿ ಹೊಂದಿಸಿದ ಚಿತ್ರಕಾರ ಕ್ಯಾಂಡಿನ್‌ಸ್ಕಿ ಮೇಲೂ ನಿಮ್ಮ ತಕರಾರಿದೆ.

ಚಿತ್ರದಲ್ಲಿ ದನಿ ಇರುವುದಿಲ್ಲ, ನಿಜ. ಆದರೆ ಕೇಳುವವರು ಇರುತ್ತಾರೆ. ಜಾಣ ಚಿತ್ರಕಾರರು ದನಿಯ ಗೊಡವೆಗೆ ಹೋಗದೆ ಕೇಳುವವರ ಮೈಯನ್ನು ಬರೆಯುತ್ತಾರೆ.

ಎಡ್ವರ್ಡ್ ಮುಂಕ್ 1893ರಲ್ಲಿ ಬರೆದ ‘ದಿ ಸ್ಕ್ರೀಮ್’ (ಕಿರುಚಾಟ) ಚಿತ್ರ ತೆಗೆದುಕೊಳ್ಳಿ. ಎಲ್ಲರ ಕಣ್ಣೂ ಸೇತುವೆಯ ಮೇಲೆ ನಿಂತ ಮನುಷ್ಯನ ತೆರೆದ ಬಾಯಿಗೆ ಹೋಗುತ್ತದೆ. ನೀವು ಕೈಗಳನ್ನು ನೋಡಿ. ಎರಡೂ ಕಿವಿಗಳನ್ನು ಒತ್ತಿ ಹಿಡಿದಿವೆ. ಪ್ರಕೃತಿಯ ಮೂಲಕ ಹಾದುಹೋದ ಕಿರುಚಾಟವೊಂದು ತಮ್ಮ ಅನುಭವಕ್ಕೆ ಬಂತೆಂದು ಮುಂಕ್ ತಾವೇ ಬರೆದಿಟ್ಟಿದ್ದಾರೆ. ಆಕಾಶ, ನೀರು, ಆ ಮನುಷ್ಯನ ಮೈ, ಎಲ್ಲವೂ ಒಂದೇ ಥರ ಬಳುಕುತ್ತವೆ. ಸೇತುವೆಯ ಕಟಕಟೆ ಮಾತ್ರ ನೆಟ್ಟಗಿದೆ. ಹಿಂದಿರುವ ಇಬ್ಬರೂ ನೆಟ್ಟಗಿದ್ದಾರೆ. ಅವರಿಗೆ ಏನೂ ಕೇಳಿಸಿದಂತಿಲ್ಲ. ಆ ಇಬ್ಬರನ್ನು ಬೆರಳಿನಿಂದ ಮುಚ್ಚಿ ನೋಡಿ. ಕಿರುಚಾಟದ ಅರ್ಧ ಜೋರು ಇಳಿದುಬಿಡುತ್ತದೆ.

ರಾಗಗಳಿಗೆ ರೂಪ ಕೊಡುವ ನಮ್ಮ ರಾಗಮಾಲಾ ಚಿತ್ರಗಳಲ್ಲಿ ವೀಣೆ ಹಿಡಿದ ಹೆಣ್ಣಾಗಿ ಬರುವ ತೋಡಿ ರಾಗಿಣಿಯೂ ಹೀಗೇ. ವೀಣೆಯ ತಂತಿಗಿಂತ ಸುತ್ತ ನಿಂತ ಜಿಂಕೆಗಳೇ ಸಂಗೀತವನ್ನು ಜಾಸ್ತಿ ತೋರಿಸುತ್ತವೆ.

ಡಚ್ ಚಿತ್ರಕಾರ ರೆಂಬ್ರಾಂಟ್‌ನ ಶಿಷ್ಯ ನಿಕೊಲಾಸ್ ಮಾಸ್‌ಗೆ ಇನ್ನೊಂದು ತುಂಟತನ ಗೊತ್ತಿತ್ತು. 1650ರ ದಶಕದಲ್ಲಿ ಕದ್ದು ಕೇಳುವವರ ಹಲವು ಚಿತ್ರಗಳನ್ನು ಆತ ಬರೆದ. ಮನೆಯೊಡತಿ ತುಟಿಯ ಮೇಲೆ ಬೆರಳಿಟ್ಟು ನೇರವಾಗಿ ನಮ್ಮತ್ತ ನೋಡುತ್ತಾಳೆ. ಸದ್ದು ಮಾಡಬೇಡಿ ಎನ್ನುವುದು ನಮಗೇ! ಅಲ್ಲಿಯ ಪಿಸುಮಾತು ನಮಗೆ ಕೇಳುವುದಿಲ್ಲ, ಆದರೂ ನಾವು ಸುಮ್ನಾಗುತ್ತೇವೆ.

ಇನ್ನು ಬರಹ. ‘ಗಾಢ ಮೌನ ಆವರಿಸಿತು’ ಎಂಬ ಸಾಲು ನಮಗೆ ಬರುವ ಕಥೆಗಳಲ್ಲಿ ಎಷ್ಟು ಸಲ ಕಾಣುತ್ತದೆಂದು ಹೇಳಿದರೆ ನೀವು ನಗುತ್ತೀರಿ. ಅದನ್ನು ಓದಿದಾಗ ಯಾವ ಮೌನವೂ ಆವರಿಸುವುದಿಲ್ಲ. ರಷ್ಯದ ನಾಟಕಕಾರ ಚೆಕಾಫ್ ಏನು ಮಾಡಿದರು ನೋಡಿ. 1904ರಲ್ಲಿ ರಂಗಕ್ಕೆ ಬಂದ ‘ದಿ ಚೆರಿ ಆರ್ಚರ್ಡ್’ ನಾಟಕದ ಎರಡನೇ ಅಂಕದಲ್ಲಿ ಎಲ್ಲರೂ ಮಾತಿಲ್ಲದೆ ಕುಳಿತಿರುತ್ತಾರೆ. ದೂರದಿಂದ, ಆಕಾಶದಿಂದಲೋ ಎಂಬಂತೆ, ತಂತಿ ಹರಿದ ಸದ್ದು. ಗಣಿಯಲ್ಲಿ ಎಲ್ಲೋ ತೊಟ್ಟಿ ಕಳಚಿ ಬಿದ್ದಿರಬೇಕು ಎನ್ನುತ್ತಾನೆ ವ್ಯಾಪಾರಿ ಲೊಪಾಖಿನ್. ಕೊಕ್ಕರೆ ಇರಬಹುದು ಎನ್ನುತ್ತಾನೆ ಒಬ್ಬ, ಗೂಬೆ ಎನ್ನುತ್ತಾನೆ ಇನ್ನೊಬ್ಬ. ತೋಟ ಕಳೆದುಕೊಳ್ಳಲಿರುವ ರನೇವ್‌ಸ್ಕಯಾ ನಡುಗುತ್ತಾಳೆ. ಸದ್ದು ಒಂದೇ, ಕಿವಿಗಳು ಬೇರೆಬೇರೆ. ಅದಕ್ಕೂ ಮುಂಚೆ ಅಲ್ಲಿ ಎಷ್ಟು ನಿಶ್ಶಬ್ದವಿತ್ತು ಎನ್ನುವುದೂ ಆ ಸದ್ದಿನಿಂದಲೇ ನಮಗೆ ತಿಳಿಯುವುದು. ಚಿತ್ರಕಾರನಿಗೆ ಈ ಸೌಲಭ್ಯವಿಲ್ಲ. ಅವನ ಕೈಯಲ್ಲಿರುವುದು ಒಂದೇ ಗಳಿಗೆ. ಬರೆಯುವವನಿಗಾದರೆ ಮೊದಲು ಮತ್ತು ಆಮೇಲೆ ಎರಡೂ ಸಿಗುತ್ತವೆ.

ಕ್ಯಾಂಡಿನ್‌ಸ್ಕಿ ವಿಷಯದಲ್ಲಿ ಮಾತ್ರ ನಾನು ನಿಮ್ಮ ಕಡೆ. ಹಳದಿ ಎಂದರೆ ತುತ್ತೂರಿ, ತಿಳಿನೀಲಿ ಎಂದರೆ ಕೊಳಲು, ಕಡುನೀಲಿ ಎಂದರೆ ಚೆಲ್ಲೋ ಎಂದು 1911ರ ತಮ್ಮ ಪುಸ್ತಕದಲ್ಲಿ ಅವರು ಬರೆದರು. ಅವರ ಚಿತ್ರಗಳು ನನಗೆ ಇಷ್ಟ, ಈ ಪಟ್ಟಿ ಅಲ್ಲ. ಅದು ಅವರ ಕಿವಿಯ ಲೆಕ್ಕ. ಹಳದಿ ಕಂಡಾಗ ನಿಮಗೆ ತುತ್ತೂರಿ ಕೇಳಿಸದಿದ್ದರೆ ಚಿಂತೆ ಬೇಡ, ನನಗೂ ಕೇಳಿಸುವುದಿಲ್ಲ.

– ಸಂ.