ತೋಳು ಎಲ್ಲಿಟ್ಟು ಬಿಪಿ ನೋಡುತ್ತೀರಿ?

ಮನೆಯಲ್ಲೇ ಬಿಪಿ ನೋಡಿಕೊಳ್ಳುವ ಕುರಿತು ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಲ ಆರಿಸಿದ್ದೇವೆ.

ನನಗೆ 64 ವರ್ಷ. ಮಂಚದ ಅಂಚಿನಲ್ಲಿ ಕುಳಿತು, ಕೈಯನ್ನು ತೊಡೆಯ ಮೇಲಿಟ್ಟು ಬಿಪಿ ನೋಡುತ್ತೇನೆ. ಮೇಲಿನ ಅಂಕಿ ಒಮ್ಮೆ 142, ಒಮ್ಮೆ 148. ಮೇಜಿನ ಮೇಲೆ ಕೈ ಇಟ್ಟರೆ 136. ಮಷಿನ್ ಕೆಟ್ಟಿದೆಯೇ? — ಓದುಗರು, ಹಾಸನ

ಮಷಿನ್ ಬದಲಿಸುವ ಮುಂಚೆ ಕೂರುವ ರೀತಿ ಬದಲಿಸಿ ನೋಡಿ. ನಿಮ್ಮ ಪ್ರಶ್ನೆಯನ್ನೇ ಹೋಲುವ ಪ್ರಶ್ನೆ ಇಟ್ಟುಕೊಂಡು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. 18ರಿಂದ 80 ವರ್ಷದೊಳಗಿನ 133 ಮಂದಿಯ ಬಿಪಿಯನ್ನು ಮೂರು ಭಂಗಿಗಳಲ್ಲಿ ಅಳೆದರು: ತೋಳಿಗೆ ಮೇಜಿನ ಆಸರೆ, ಕೈ ತೊಡೆಯ ಮೇಲೆ, ಕೈ ಪಕ್ಕದಲ್ಲಿ ಜೋತುಬಿದ್ದಂತೆ. ಮೇಜಿನ ಅಳತೆಗೆ ಹೋಲಿಸಿದರೆ ತೊಡೆಯ ಮೇಲಿಟ್ಟಾಗ ಮೇಲಿನ ಅಂಕಿ ಸರಾಸರಿ 3.9, ಜೋತುಬಿಟ್ಟಾಗ 6.5 ಹೆಚ್ಚು ಬಂತು. ಕೆಳಗಿನ ಅಂಕಿಯೂ 4ರಷ್ಟು ಏರಿತು.

ಕಾರಣ ಸರಳ. ಮಾಳಿಗೆಯ ಟ್ಯಾಂಕಿನ ನೀರು ಮೊದಲ ಮಹಡಿಯ ನಲ್ಲಿಗಿಂತ ಕೆಳಮನೆಯ ನಲ್ಲಿಯಲ್ಲಿ ಜೋರಾಗಿ ಬರುತ್ತದಲ್ಲ, ಹಾಗೆಯೇ ಹೃದಯಕ್ಕಿಂತ ಕೆಳಗಿರುವ ರಕ್ತನಾಳದಲ್ಲಿ ರಕ್ತದ ಭಾರವೂ ಸೇರಿ ಒತ್ತಡ ಹೆಚ್ಚುತ್ತದೆ. ತೋಳಿಗೆ ಸುತ್ತುವ ಪಟ್ಟಿ ಹೃದಯದ ಮಟ್ಟದಿಂದ 10 ಸೆಂ.ಮೀ. ಕೆಳಗಿಳಿದರೆ ಸುಮಾರು 7-8 ಅಂಕ ಹೆಚ್ಚು ತೋರಿಸುತ್ತದೆ. ತೊಡೆಯ ಮೇಲೆ ಕೈ ಇಟ್ಟಾಗ ಪಟ್ಟಿ ಇಳಿಯುವುದು ಕೆಲವೇ ಸೆಂ.ಮೀ., ಏರಿಕೆಯೂ ಅಷ್ಟಕ್ಕೇ. ಇದರ ಮೇಲೆ, ಆಸರೆಯಿಲ್ಲದ ತೋಳಿನ ಸ್ನಾಯುಗಳು ಬಿಗಿದಿರುತ್ತವೆ. ಅದೂ ಒತ್ತಡ ಏರಿಸುತ್ತದೆ.

ಮಂಚದ ಅಂಚು ಬೇಡ, ಬೆನ್ನಿಗೆ ಒರಗು ಸಿಗುವುದಿಲ್ಲ. ಕುರ್ಚಿಯಲ್ಲಿ ಒರಗಿ ಕುಳಿತು ಎರಡೂ ಪಾದ ನೆಲಕ್ಕೆ ಊರಿ. ಕಾಲ ಮೇಲೆ ಕಾಲು ಹಾಕಬೇಡಿ. ಮುಂಗೈಯಿಂದ ಮೊಣಕೈವರೆಗೂ ಮೇಜಿನ ಮೇಲಿರಲಿ, ಪಟ್ಟಿಯ ನಡುಭಾಗ ಎದೆಮೂಳೆಯ ನಡುವಿನ ಮಟ್ಟಕ್ಕೆ ಬರಲಿ. ಮೇಜು ತಗ್ಗಾಗಿದ್ದರೆ ಮಡಚಿದ ಕಂಬಳಿ ಅಥವಾ ದಿಂಬು ಇಡಿ. ತೀರಾ ಎತ್ತರಿಸಿದರೂ ತಪ್ಪೇ, ಆಗ ಅಂಕಿ ನಿಜಕ್ಕಿಂತ ಕಡಿಮೆ ಬರುತ್ತದೆ. ಅಂಗೈ ಮೇಲ್ಮುಖವಾಗಿ, ಸಡಿಲವಾಗಿರಲಿ. ಅಳೆಯುವ ಅರ್ಧ ಗಂಟೆ ಮುಂಚಿನಿಂದ ಕಾಫಿ, ಟೀ, ಬೀಡಿ-ಸಿಗರೇಟು ಬೇಡ. ಮೂತ್ರ ಬಂದಿದ್ದರೆ ಹೋಗಿ ಬನ್ನಿ. ಆಮೇಲೆ ಐದು ನಿಮಿಷ ಸುಮ್ಮನೆ ಕುಳಿತು ಗುಂಡಿ ಒತ್ತಿ. ಮಷಿನ್ ಓಡುವಾಗ ಮಾತು ಬೇಡ, ಪಕ್ಕದಲ್ಲಿ ನಿಂತವರು "ಎಷ್ಟು ಬಂತು?" ಎಂದರೂ ಉತ್ತರಿಸಬೇಡಿ, ಮಾತಾಡಿದರೆ ಅಂಕಿ ಏರುತ್ತದೆ.

ಆರು ಅಂಕ ಎಂದರೆ ಸಣ್ಣದಲ್ಲ. 133 ಇರುವವರು 139 ಎಂದು ಬರೆದುಕೊಂಡು ಹೋದರೆ ಬೇಡದ ಮಾತ್ರೆ ಸೇರಬಹುದು. ವಯಸ್ಸಾದವರಲ್ಲಿ ಅದು ಎದ್ದು ನಿಂತಾಗ ತಲೆಸುತ್ತಿಗೆ, ಬೀಳುವುದಕ್ಕೆ ದಾರಿ. ಹಾಗೆಂದು ಮೇಜಿನ ಮೇಲೆ 136 ಬಂತೆಂದು ನೀವಾಗಿಯೇ ಮಾತ್ರೆ ಬಿಡಬಾರದು. ಸರಿಯಾಗಿ ಅಳೆದ ಅಂಕಿಗಳನ್ನು ವೈದ್ಯರಿಗೆ ತೋರಿಸಿ.

ಅಮ್ಮನ ತೋಳು ದಪ್ಪ. ಪಟ್ಟಿ ಕಷ್ಟಪಟ್ಟು ಸುತ್ತುತ್ತದೆ, ಒಮ್ಮೊಮ್ಮೆ ಬಿಚ್ಚಿಕೊಂಡು ಎರರ್ ತೋರಿಸುತ್ತದೆ. ಬಂದ ಅಂಕಿಯನ್ನು ನಂಬಬಹುದೇ? — ಓದುಗರು, ದಾವಣಗೆರೆ

ನಂಬಬೇಡಿ. ಅದೇ ವಿಶ್ವವಿದ್ಯಾಲಯದ 2023ರ ಅಧ್ಯಯನದಲ್ಲಿ 195 ಮಂದಿಗೆ ಸರಿಯಳತೆಯ ಪಟ್ಟಿ ಮತ್ತು ಮಾಮೂಲಿ ಪಟ್ಟಿ ಎರಡನ್ನೂ ಕಟ್ಟಿ ನೋಡಿದರು. ದೊಡ್ಡ ಪಟ್ಟಿ ಬೇಕಿದ್ದವರಿಗೆ ಮಾಮೂಲಿ ಪಟ್ಟಿ ಕಟ್ಟಿದಾಗ ಮೇಲಿನ ಅಂಕಿ ಸರಾಸರಿ 4.8 ಹೆಚ್ಚಾಯಿತು. ಅತಿ ದೊಡ್ಡದು ಬೇಕಿದ್ದವರಲ್ಲಿ 19.5 ಹೆಚ್ಚು! ತೆಳು ತೋಳಿನವರಲ್ಲಿ ಇದಕ್ಕೆ ತಿರುಗುಮುರುಗು: 3.6 ಕಡಿಮೆ ಬಂತು, ಅಂದರೆ ಇರುವ ಬಿಪಿ ಮರೆಯಾಗುತ್ತದೆ. ನಮ್ಮಲ್ಲಿ ಸಣಕಲು ತೋಳಿನ ಹಿರಿಯರು ಬಹಳ ಇರುವುದರಿಂದ ಈ ಎರಡನೆಯದನ್ನೂ ಮರೆಯಬಾರದು.

ಪಟ್ಟಿಯೊಳಗಿನ ಗಾಳಿಚೀಲ ತೋಳನ್ನು ಸಾಕಷ್ಟು ಸುತ್ತದಿದ್ದರೆ ರಕ್ತನಾಳವನ್ನು ಅದುಮಲು ಹೆಚ್ಚು ಗಾಳಿ ತುಂಬಬೇಕಾಗುತ್ತದೆ. ಮಷಿನ್ ಆ ಗಾಳಿಯ ಒತ್ತಡವನ್ನೇ ರಕ್ತದ ಒತ್ತಡವೆಂದು ಓದುತ್ತದೆ.

ದರ್ಜಿಯ ಟೇಪು ತೆಗೆದುಕೊಂಡು ಭುಜದ ಮೂಳೆಗೂ ಮೊಣಕೈಗೂ ನಡುವೆ ತೋಳಿನ ಸುತ್ತಳತೆ ನೋಡಿ. ಪಟ್ಟಿಯ ಮೇಲೆ 22–32 ಸೆಂ.ಮೀ. ಎಂಬಂತೆ ಅಳತೆ ಅಚ್ಚಾಗಿರುತ್ತದೆ. ಅಮ್ಮನ ತೋಳು 35 ಇದ್ದರೆ ಆ ಪಟ್ಟಿ ಆಗದು. ಅದೇ ಕಂಪನಿಯ, ಅದೇ ಮಾದರಿಗೆ ಹೊಂದುವ ದೊಡ್ಡ ಪಟ್ಟಿ ಕೇಳಿ ತನ್ನಿ. ಬೇರೆ ಕಂಪನಿಯದು ತೂತಿಗೆ ಹೊಂದಿದರೂ ಅಂಕಿ ತಪ್ಪಬಹುದು. ಕಟ್ಟುವಾಗ ಪಟ್ಟಿಯ ಕೆಳಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ. ಪಟ್ಟಿ ಬರಿ ತೋಳಿನ ಮೇಲೇ ಇರಬೇಕು. ಬಿಗಿ ರವಿಕೆಯ ತೋಳನ್ನು ಮೇಲಕ್ಕೆ ಸುರುಳಿ ಸುತ್ತಿದರೆ ಅದೇ ಹಗ್ಗದಂತೆ ಬಿಗಿಯುತ್ತದೆ. ಸಡಿಲ ಉಡುಪಿನಲ್ಲಿ ಅಳೆಯುವುದು ಒಳ್ಳೆಯದು.

ದಿನಕ್ಕೊಮ್ಮೆ ನೋಡಿದರೆ ಸಾಲದೇ? ಯಾವ ಅಂಕಿಯನ್ನು ಡಾಕ್ಟರಿಗೆ ಹೇಳಬೇಕು? — ಓದುಗರು, ಶಿರಸಿ

ಒಂದೇ ಅಂಕಿ ಹೆಚ್ಚೇನೂ ಹೇಳುವುದಿಲ್ಲ. ಡಾಕ್ಟರನ್ನು ಕಾಣುವ ಹಿಂದಿನ ವಾರ, ಏಳು ದಿನ ಹೀಗೆ ಮಾಡಿ: ಬೆಳಿಗ್ಗೆ ಮಾತ್ರೆಗೂ ತಿಂಡಿಗೂ ಮುಂಚೆ ಎರಡು ಸಲ, ರಾತ್ರಿ ಮತ್ತೆರಡು ಸಲ, ನಡುವೆ ಒಂದು ನಿಮಿಷದ ಬಿಡುವು. ಎಲ್ಲವನ್ನೂ ಬಂದಂತೆಯೇ ಬರೆಯಿರಿ. ಹೆಚ್ಚು ಬಂದದ್ದನ್ನು ಬಿಟ್ಟು ಕಡಿಮೆ ಬಂದದ್ದನ್ನಷ್ಟೇ ಬರೆಯುವವರು ತಮಗೇ ಅನ್ಯಾಯ ಮಾಡಿಕೊಳ್ಳುತ್ತಾರೆ. ಮೊದಲ ದಿನದ್ದನ್ನು ಬಿಟ್ಟು ಉಳಿದ 24 ಅಳತೆಗಳ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಅಧಿಕ ರಕ್ತದೊತ್ತಡವೆಂದು ಎಣಿಸುವುದು ವಾಡಿಕೆ. ಕ್ಲಿನಿಕ್ಕಿನಲ್ಲಿ ಸಾಮಾನ್ಯವಾಗಿ ಬಳಸುವ 140/90ಕ್ಕೆ ಸಮನಾದ ಗಡಿ ಇದು.

ಮೊದಲ ದಿನ ಎರಡೂ ತೋಳುಗಳಲ್ಲಿ ನೋಡಿ. 10 ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಪದೇಪದೇ ಬಂದರೆ ವೈದ್ಯರಿಗೆ ತಿಳಿಸಿ, ಮುಂದೆ ಹೆಚ್ಚು ಬರುವ ತೋಳಿನಲ್ಲೇ ಅಳೆಯಿರಿ. 180/120 ದಾಟಿದ್ದರೆ ಕೆಲವು ನಿಮಿಷ ಸುಮ್ಮನೆ ಕುಳಿತು ಮತ್ತೆ ನೋಡಿ. ಹಾಗೇ ಇದ್ದರೆ ಅಂದೇ ವೈದ್ಯರನ್ನು ಕಾಣಿ. ಜೊತೆಗೆ ಎದೆನೋವು, ಉಸಿರುಗಟ್ಟುವಿಕೆ, ಮಾತು ತೊದಲುವುದು, ಒಂದು ಬದಿಯ ಕೈಕಾಲು ಸೋಲುವುದು ಕಂಡರೆ ಮರು ಅಳತೆಗೂ ಕಾಯದೆ 108ಕ್ಕೆ ಕರೆ ಮಾಡಿ.

ಮಣಿಕಟ್ಟಿಗೆ ಕಟ್ಟುವ ಮಷಿನ್ ಆಗುತ್ತದೆಯೇ? — ಓದುಗರು, ಪುತ್ತೂರು

ತೋಳಿನದೇ ಕೊಳ್ಳಿ. ಮಣಿಕಟ್ಟನ್ನು ಪ್ರತಿಸಲವೂ ಎದೆಯ ಮಟ್ಟದಲ್ಲಿ ಅಲುಗದೆ ಹಿಡಿಯುವುದು ಕಷ್ಟ, ಕೈ ಸ್ವಲ್ಪ ಇಳಿದರೂ ಮೇಲೆ ಹೇಳಿದ ತಪ್ಪೇ ಮರುಕಳಿಸುತ್ತದೆ. ಯಾವ ಪಟ್ಟಿಯೂ ಹೊಂದದಷ್ಟು ದಪ್ಪ ತೋಳಿನವರು ಮಾತ್ರ ವೈದ್ಯರನ್ನು ಕೇಳಿ ಇದನ್ನು ಬಳಸಬಹುದು.